ಕಂಡ ಕೆಲಸ, ಕಾಣದ ಕೆಲಸ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿ ಇಟ್ಟ ತಾಯಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ‘ವರ್ಷಕ್ಕೊಮ್ಮೆ ಹುಡುಗರಿಗೆ ಉಪಯೋಗ ಆಗೋ ಮಾತು ಆಡಸ್ರಿ’ ಎಂದಷ್ಟೇ ಹೇಳಿದ್ದರಂತೆ. ಸಂಘಟಕರು ನನಗೆ ಮೊದಲು ಕೊಟ್ಟ ಶೀರ್ಷಿಕೆ ‘ಪದವೀಧರರ ಮುಂದಿರುವ ಸವಾಲುಗಳು ಮತ್ತು ಅವಕಾಶಗಳು’. ಆ ಶೀರ್ಷಿಕೆಯ ಕೆಳಗೆ ನಾನೇ ಹಲವು ಕಾಲೇಜುಗಳಲ್ಲಿ ಮಾತಾಡಿದ್ದೇನೆ. ಪ್ರತಿ ಸಲವೂ ಸವಾಲುಗಳು ಮುಗಿಯುವಷ್ಟರಲ್ಲಿ ಚಹಾ ಬರುತ್ತಿತ್ತು, ಅವಕಾಶಗಳು ಹಾಗೇ ಉಳಿದುಹೋಗುತ್ತಿದ್ದವು. ಅದಕ್ಕೇ ಈ ಸಲ ಶೀರ್ಷಿಕೆ ಬದಲಿಸಿಕೊಂಡು ಬಂದಿದ್ದೇನೆ.

ಬೇರೆಯವರ ಕಥೆ ಹೇಳುವ ಮೊದಲು ನನ್ನ ಚೀಲ ಬಿಚ್ಚಿ ತೋರಿಸುವುದು ಸರಿ. ಚೀಲ ಎಂದರೆ ನಿಜವಾದ ಚೀಲ, ಕರಿಯ ಚರ್ಮದ್ದು. 1984ರಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಮರುವರ್ಷ ಒಂದು ಔಷಧ ಕಂಪನಿಯ ಮೆಡಿಕಲ್ ರೆಪ್ ಆದೆ. ಚೀಲದಲ್ಲಿ ಸ್ಯಾಂಪಲ್ ಗುಳಿಗೆಗಳು, ಬಣ್ಣದ ಚಿತ್ರಗಳ ಪುಸ್ತಕ, ದಿನದ ವರದಿ ಬರೆಯಲು ಕಾರ್ಬನ್ ಹಾಳೆ ಇಟ್ಟ ಇನ್ನೊಂದು ಪುಸ್ತಕ. ಏಪ್ರಿಲ್ ಬಿಸಿಲಿನಲ್ಲೂ ಟೈ. ಡಾಕ್ಟರ ಬಾಗಿಲಲ್ಲಿ ರೋಗಿಗಳ ಸಾಲು ಮುಗಿದ ಮೇಲೆ ನಮ್ಮ ಸಾಲು. ಒಳಗೆ ಹೋದರೆ ಸಿಗುವುದು ಒಂದೂವರೆ ನಿಮಿಷ. ಅಷ್ಟರಲ್ಲಿ ಒಂದು ಮಾತ್ರೆ ಹೊಟ್ಟೆಯಲ್ಲಿ ಹೇಗೆ ಕರಗುತ್ತದೆ, ಪಕ್ಕದ ಕಂಪನಿಯದಕ್ಕಿಂತ ಏಕೆ ಬೇಗ ಕರಗುತ್ತದೆ ಎಂದು ಹೇಳಿ ಮುಗಿಸಬೇಕು. ಟಾರ್ಗೆಟ್ ಮುಟ್ಟದ ತಿಂಗಳು ಮ್ಯಾನೇಜರು ಎಲ್ಲರೆದುರು ನಿಲ್ಲಿಸಿ ಕೇಳುತ್ತಿದ್ದ ಪ್ರಶ್ನೆಗಳನ್ನು ನಾನು ಇಂದಿಗೂ ಮರೆತಿಲ್ಲ. ಮೂರು ವರ್ಷ ಮಾಡಿ ಬಿಟ್ಟೆ. ಮತ್ತೆ ಎಂ.ಎಸ್ಸಿ. ಸೇರಿದೆ, ಆಮೇಲೆ ರಸಾಯನಶಾಸ್ತ್ರದ ಮೇಷ್ಟ್ರಾದೆ, 2023ರಲ್ಲಿ ನಿವೃತ್ತನಾದೆ.

ಊರಲ್ಲಿ ಈ ಕಥೆಯನ್ನು ಇಂದಿಗೂ ‘ಭಾರೀ ಧೈರ್ಯ ಮಾಡಿದ’ ಎಂದು ಹೇಳುತ್ತಾರೆ. ನನ್ನಲ್ಲಿ ಧೈರ್ಯ ಇರಲಿಲ್ಲ. ಇದ್ದದ್ದು ಅಂಚೆ ಉಳಿತಾಯ ಖಾತೆಯಲ್ಲಿ ಹದಿನಾಲ್ಕು ಸಾವಿರ ರೂಪಾಯಿ. ನನ್ನ ತಂದೆ ಹಳ್ಳಿಯ ಪೋಸ್ಟ್ ಮಾಸ್ತರರು. ಪಾಸ್‌ಬುಕ್ ಅವರ ಕೈಯಲ್ಲೇ ಇತ್ತು. ಕೆಲಸ ಬಿಡುತ್ತೇನೆಂದು ಹೇಳಿದ ದಿನ ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಪಾಸ್‌ಬುಕ್ ತೆರೆದು, ಬೆರಳು ಮಡಚಿ ಲೆಕ್ಕ ಹಾಕಿ, ‘ಎರಡು ವರ್ಷ ಆಗತದ’ ಎಂದರು. ಅಷ್ಟೇ. ಆಮೇಲೆ ಪಾಠ ಮಾಡುವಾಗ ನನಗೆ ಉಪಯೋಗಕ್ಕೆ ಬಂದದ್ದು ಎಂ.ಎಸ್ಸಿ.ಗಿಂತ ಹೆಚ್ಚಾಗಿ ಆ ಒಂದೂವರೆ ನಿಮಿಷ. ಬೇಸರಗೊಂಡ ಮನುಷ್ಯನ ಎದುರು ಕರಗುವಿಕೆಯನ್ನು ವಿವರಿಸುವುದು ನನಗೆ ಆಗಲೇ ಅಭ್ಯಾಸವಾಗಿತ್ತು.

ದಾರಿ ಬದಲಿಸಿದವರ ಬಗ್ಗೆ ನಾವು ಆಡುವ ಮಾತಿನಲ್ಲಿ ಹಣದ ಲೆಕ್ಕ ಬರುವುದೇ ಇಲ್ಲ. ವಿಶ್ವೇಶ್ವರಯ್ಯನವರು ಹುಟ್ಟಾ ಎಂಜಿನಿಯರ್ ಎಂಬಂತೆ ಮಾತಾಡುತ್ತೇವೆ. ಅವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪಡೆದದ್ದು ಬಿ.ಎ. ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದವರು. ಎಂಜಿನಿಯರಿಂಗಿಗೆ ಪುಣೆಗೆ ಹೋಗಲು ಸಾಧ್ಯವಾದದ್ದು ಮೈಸೂರು ಸರ್ಕಾರದ ನೆರವಿನಿಂದ. ಆ ನೆರವು ಸಿಗದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ನನ್ನ ಕೆಲಸವಲ್ಲ, ಆದರೆ ಬಿ.ಎ. ಆದ ಹುಡುಗನೊಬ್ಬ ದಾರಿ ಬದಲಿಸುವುದಕ್ಕೆ ಯಾರೋ ಹಣ ಕೊಟ್ಟರು ಎಂಬುದನ್ನು ನೆನಪಿಡಿ.

ನಮ್ಮ ಧಾರವಾಡದ ಉದಾಹರಣೆಗೇ ಬರೋಣ. ಗಿರೀಶ ಕಾರ್ನಾಡರು 1958ರಲ್ಲಿ ಇಲ್ಲಿನ ಕರ್ನಾಟಕ ಕಾಲೇಜಿನಿಂದ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿದ್ದು ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ. ಬಂದವರೇ ನಾಟಕಕ್ಕೆ ಧುಮುಕಿದರೇ? ಇಲ್ಲ. 1963ರಿಂದ 1970ರವರೆಗೆ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ನೌಕರಿ ಮಾಡಿದರು. ‘ತುಘಲಕ್’ ಬಂದದ್ದು 1964ರಲ್ಲಿ. ಅಂದರೆ ತಿಂಗಳ ಸಂಬಳ ಬರುತ್ತಿದ್ದ ಕಾಲದಲ್ಲಿ. ಮಾಸ್ತಿಯವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ, ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟದ್ದು 1943ರಲ್ಲಿ. ನಿಸಾರ್ ಅಹಮದ್ ಅವರು ಭೂವಿಜ್ಞಾನ ಓದಿ ಅದನ್ನೇ ಪಾಠ ಮಾಡುತ್ತ ಕವಿತೆ ಬರೆದರು. ನನಗೆ ಇವರಲ್ಲೆಲ್ಲ ಹೆಚ್ಚು ಹತ್ತಿರದವರೆನಿಸುವುದು ಎ.ಕೆ. ರಾಮಾನುಜನ್. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಬಿಡುವಿನಲ್ಲಿ ಆ ಕಡೆಯ ಜನಪದ ಕಥೆಗಳನ್ನು ಕೂಡಿಹಾಕುತ್ತಿದ್ದರು. 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ, ಮರುವರ್ಷ ಅಮೆರಿಕದ ಇಂಡಿಯಾನಾ. ಮೂವತ್ತರ ಮಗ್ಗುಲಲ್ಲಿದ್ದ ಮೇಷ್ಟ್ರು ಮತ್ತೆ ಬೆಂಚಿನ ಮೇಲೆ ಕೂತರು. ಹೊಸ ದಾರಿ ಎಂದು ನಮಗೆ ಕಾಣುವುದು ಅವರಿಗೆ ಆಗಲೇ ಕೆಲವು ವರ್ಷ ನಡೆದಾಡಿದ ಕಾಲುದಾರಿ.

ನಮ್ಮ ಹಿರಿಯರಿಗೆ ದಾರಿ ಬದಲಿಸುವ ಪ್ರಶ್ನೆಯೇ ಬರುತ್ತಿರಲಿಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. 1969ರ ಜುಲೈಯಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅವುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ಪದವಿ, ಪರೀಕ್ಷೆ, ಕ್ಲಾರ್ಕು, ಆಫೀಸರು, ಪಿಂಚಣಿ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್. ಒಳಗೆ ಕಾಲಿಟ್ಟರೆ ಹೊರಬರುವುದು ಹಾರ ಹಾಕಿಸಿಕೊಂಡೇ. ಆದರೆ ಆ ಹಾರಕ್ಕೂ ಖಾತ್ರಿ ಇರಲಿಲ್ಲ. 1961ರಿಂದ ಊರೂರಿಗೆ ಕೈಗಡಿಯಾರ ಕೊಟ್ಟ ಎಚ್‌ಎಂಟಿಯ ವಾಚ್ ಕಂಪನಿಯನ್ನು 2016ರಲ್ಲಿ ಮುಚ್ಚುವ ತೀರ್ಮಾನವಾಯಿತು. ತಾವು ಬಿಡದಿದ್ದರೂ ಕೆಲಸವೇ ತಮ್ಮನ್ನು ಬಿಟ್ಟುಹೋದವರು ಇದೇ ಹಿರಿಯರಲ್ಲಿ ಇದ್ದಾರೆ.

ಈಗ ಇಲ್ಲಿಂದ ಸ್ವಲ್ಪ ದೂರದ ಸಪ್ತಾಪುರಕ್ಕೆ ಹೋಗೋಣ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಬಂದ ಹುಡುಗ ಹುಡುಗಿಯರ ಓಣಿ ಅದು. ಒಂದು ರೀಡಿಂಗ್ ರೂಮಿನ ಬಾಗಿಲಲ್ಲಿ ನಿಂತು ನೋಡಿ. ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಪ್ಲೈವುಡ್ ಹಲಗೆಯಿಂದ ಬೇರ್ಪಡಿಸಿದ ಸಾಲು ಸಾಲು ಮೇಜು, ಪ್ರತಿಯೊಂದಕ್ಕೂ ನಂಬರು. ಕುರ್ಚಿಯ ಮೇಲೆ ಮನೆಯಿಂದ ತಂದ ದಿಂಬು, ಹಲಗೆಗೆ ಅಂಟಿಸಿದ ಭಾರತದ ನಕಾಶೆ, ನದಿಗಳಿಗೆ ನೀಲಿ ಪೆನ್ನು. ಮಾತಿಲ್ಲ; ಫ್ಯಾನಿನ ಸದ್ದು, ಪುಟ ತಿರುವುವ ಸದ್ದು. ಮಧ್ಯಾಹ್ನಕ್ಕೆ ಊರಿನ ಬಸ್ಸಿನಲ್ಲಿ ಬರುವ ಬುತ್ತಿ: ಅರಿವೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಡಬ್ಬಿಯಲ್ಲಿ ಪಲ್ಯ, ಗುರೆಳ್ಳು ಚಟ್ನಿ. ಅಷ್ಟು ಶ್ರದ್ಧೆಯಿಂದ ಕೂತ ಜನರನ್ನು ನಾನು ಗುಡಿಗಳಲ್ಲೂ ಕಂಡಿಲ್ಲ. ಇವರನ್ನು ಸೋಮಾರಿಗಳೆಂದು ಬೈಯುವವರ ಜೊತೆ ನನ್ನ ಜಗಳ ಇದ್ದೇ ಇದೆ.

ನನ್ನ ವಿದ್ಯಾರ್ಥಿಯೊಬ್ಬ ಅಂಥ ಮೇಜಿನಲ್ಲಿ ವರ್ಷಗಟ್ಟಲೆ ಕೂತ. ನವಲಗುಂದದ ಕಡೆಯವನು, ಬಿ.ಎ., ಎಚ್‌ಇಪಿ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ನಾನು ಅವನಿಗೆ ಪಾಠ ಮಾಡಿದವನಲ್ಲ, ಕಾಲೇಜಿನ ಉದ್ಯೋಗ ಕೋಶ ನೋಡಿಕೊಳ್ಳುತ್ತಿದ್ದೆ. ಅವನ ಕಣ್ಣು 545 ಪಿಎಸ್‌ಐ ಹುದ್ದೆಗಳ ಮೇಲೆ. ಆ ನೇಮಕಾತಿಯ ದಿನಾಂಕಗಳು ಎಲ್ಲರಿಗೂ ಗೊತ್ತಿರುವಂಥವು: ಅಧಿಸೂಚನೆ 2021ರ ಜನವರಿ, ಪರೀಕ್ಷೆ ಅದೇ ವರ್ಷದ ಅಕ್ಟೋಬರ್, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದು, ಮರುಪರೀಕ್ಷೆ 2024ರ ಜನವರಿ. ಒಂದು ಅಧಿಸೂಚನೆಯಿಂದ ಅದರ ಮರುಪರೀಕ್ಷೆಗೆ ಮೂರು ವರ್ಷ. ಒಂದು ಡಿಗ್ರಿಗೆ ಹಿಡಿಯುವಷ್ಟೇ ಕಾಲ! ಅದೇ 2024ರಲ್ಲಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಆಗಸ್ಟ್‌ನಲ್ಲಿ ನಡೆದು, ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಕೆಟ್ಟಿತ್ತೆಂದು ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಕನ್ನಡದಲ್ಲಿ ಓದಿದ್ದಕ್ಕೆ ಕನ್ನಡನಾಡಿನಲ್ಲೇ ಸಿಕ್ಕ ಬಹುಮಾನ.

‘ಇದೊಂದು ಸಲ ನೋಡತೇನ್ರಿ ಸರ’ ಎಂದು ಅವನು ಪ್ರತಿ ಸಲ ಹೇಳುತ್ತಿದ್ದ. ಕೊನೆಗೊಂದು ದಿನ ನಾನು ಒಂದು ಚೀಟಿ ಕೊಟ್ಟು, ‘ಯಾವ ದಿನಕ್ಕೆ ಈ ಮೇಜು ಬಿಡ್ತೀಯೋ ಆ ತಾರೀಖು ಬರಿ ತಮ್ಮಾ’ ಎಂದೆ. ಬರೆದ. ಆ ತಾರೀಖು ಬಂತು, ಹೋಯಿತು. ಅವನು ಮೇಜು ಬಿಡಲಿಲ್ಲ. ನನ್ನ ಉಪಾಯ ಕೆಲಸ ಮಾಡಿತು ಎಂದು ಹೇಳಿಕೊಳ್ಳುವಂತಿಲ್ಲ. ಮತ್ತೆ ಆರೇಳು ತಿಂಗಳ ಮೇಲೆ, ಹೆಸರಿನ ಸುಗ್ಗಿಗೆ ಊರಿಗೆ ಹೋದವನು ಅಪ್ಪನ ಕಾಳು ಮಾರಲು ಎಪಿಎಂಸಿಗೆ ಹೋದ. ಅಲ್ಲಿ ತೇವಾಂಶ ಅಳೆಯುವ ಯಂತ್ರ, ಕಂಪ್ಯೂಟರಿನಲ್ಲಿ ಬರುವ ಟೆಂಡರ್ ದರ, ತೂಕದ ಚೀಟಿ ಇವನ್ನೆಲ್ಲ ಅಕ್ಕಪಕ್ಕದ ರೈತರಿಗೆ ಓದಿ ಹೇಳತೊಡಗಿದ. ಈಗ ಆ ಭಾಗದ ಒಂದು ರೈತ ಉತ್ಪಾದಕ ಕಂಪನಿಯ ಮುಖ್ಯ ಕಾರ್ಯನಿರ್ವಾಹಕ. ‘ಸಿಇಒ ಅಂತಾರ್ರೀ ಸರ, ಗೋಣಿಚೀಲ ನಾನ ಎಣಸ್ತೇನಿ’ ಎನ್ನುತ್ತಾನೆ. ಸಂಬಳ ಪಿಎಸ್‌ಐಗಿಂತ ಬಹಳ ಕಡಿಮೆ. ಅವನಿಗೆ ಆ ಬೇಸರ ಇಂದಿಗೂ ಇದೆ, ಮುಚ್ಚಿಡುವುದಿಲ್ಲ.

ನಾನು ಅವನನ್ನು ಕೇಳಿದೆ: ಇಂಥ ಕೆಲಸ ಇದೆ ಅಂತ ಡಿಗ್ರಿ ಮುಗಿದಾಗ ಗೊತ್ತಿತ್ತೇನೋ? ‘ಹೆಸರ ಕೇಳಿದ್ದಿಲ್ಲ ಸರ.’

ನನ್ನ ಮುಖ್ಯ ಮಾತು ಇರುವುದು ಇಲ್ಲಿ. ನಾವು ಕಂಡ ಕೆಲಸವನ್ನಷ್ಟೇ ಬಯಸುತ್ತೇವೆ. ಹಳ್ಳಿಯ ಹುಡುಗನ ಕಣ್ಣಿಗೆ ಬೀಳುವ ಕೆಲಸಗಳು ಎಷ್ಟು? ಶಾಲೆಯ ಮೇಷ್ಟ್ರು, ಪೊಲೀಸು, ಗ್ರಾಮ ಲೆಕ್ಕಿಗ, ಪಿಡಿಒ, ಬ್ಯಾಂಕಿನವರು, ನರ್ಸಮ್ಮ, ಬಸ್ ಕಂಡಕ್ಟರ್. ಪೇಟೆಯ ಹುಡುಗನಿಗೆ ಇನ್ನೊಂದೇ ಹೆಚ್ಚು: ಸಾಫ್ಟ್‌ವೇರ್. ‘ನಿನಗೇನು ಇಷ್ಟವೋ ಅದನ್ನು ಮಾಡು’ ಎಂದು ವೇದಿಕೆ ಮೇಲಿಂದ ಹೇಳುವ ನಮ್ಮಂಥವರು, ಕಂಡೇ ಇಲ್ಲದ್ದನ್ನು ಇಷ್ಟಪಡುವುದು ಹೇಗೆ ಎಂದು ಯೋಚಿಸಿದ್ದೇವೆಯೇ?

ಇನ್ನೊಬ್ಬ ವಿದ್ಯಾರ್ಥಿನಿ. ಬಿ.ಎಸ್ಸಿ., ಸಿಬಿಝಡ್: ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಬಿ.ಇಡಿ. ಮಾಡಿ ಟೀಚರ್ ಆಗುವುದೊಂದೇ ಅವಳಿಗೆ ಗೊತ್ತಿದ್ದ ದಾರಿ. ಬಿ.ಇಡಿ. ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿದ್ದು 2015ರಲ್ಲಿ. ಅವಳಪ್ಪ ಹೇಳಿಬಿಟ್ಟರು: ‘ಎರಡು ವರ್ಷ ಕಲಿಸಾಕ ಆಗಂಗಿಲ್ರಿ, ಅಷ್ಟರೊಳಗ ಲಗ್ನ ಮಾಡ್ತೀವಿ.’ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಲ್ಯಾಬಿಗೆ ಜನ ಬೇಕೆಂದು ನಮಗೆ ಪತ್ರ ಬಂದಿತ್ತು. ಒಮ್ಮೆ ನೋಡಿಕೊಂಡು ಬರಲಿ ಎಂದು ಅಪ್ಪ ಮಗಳು ಇಬ್ಬರನ್ನೂ ಕರೆದುಕೊಂಡು ಹೋದೆ. ಅಲ್ಲಿ ಒಬ್ಬಾಕೆ ಮೇಜಿನ ಮೇಲೆ ಒದ್ದೆ ಕಾಗದ ಹಾಸಿ ಮೆಣಸಿನಕಾಯಿ ಬೀಜ ಸಾಲಾಗಿ ಇಡುತ್ತಿದ್ದಳು. ನೂರರಂತೆ ನಾಲ್ಕು ಪಾಲು, ಒಟ್ಟು 400 ಬೀಜ. ಆಮೇಲೆ ಮೊಳಕೆ ಎಣಿಸಿ, ನೆಟ್ಟಗಿದ್ದದ್ದು, ಸೊಟ್ಟಗಿದ್ದದ್ದು, ಸತ್ತದ್ದು ಎಂದು ಬೇರೆ ಬೇರೆ ಬರೆಯಬೇಕು. ಹುಡುಗಿ ಅರ್ಧ ಗಂಟೆ ಅಲ್ಲೇ ನಿಂತಳು. ಅಪ್ಪ ಕೇಳಿದ್ದು ಎರಡೇ ಪ್ರಶ್ನೆ: ಸಂಜೆ ಎಷ್ಟಕ್ಕೆ ಬಿಡ್ತಾರ? ಬಸ್ಸು ಎಷ್ಟಕ್ಕದ? ಎರಡಕ್ಕೂ ಸರಿಯಾದ ಉತ್ತರ ಸಿಕ್ಕಿತು. ಅವಳು ಮೂರು ವರ್ಷ ಬೀಜ ಎಣಿಸಿದಳು, ಆ ದುಡ್ಡಿನಲ್ಲಿ ತಾನೇ ಬಿ.ಇಡಿ. ಮಾಡಿದಳು, ಮತ್ತೆ ಬೀಜದ ಕೆಲಸಕ್ಕೇ ಮರಳಿದಳು. ಲಗ್ನ ನಡುವೆ ಎಲ್ಲೋ ಆಯಿತು.

ಹುಡುಗಿಯರು ಹುಡುಗರಿಗಿಂತ ಬೇಗ ದಾರಿ ಬದಲಿಸುವುದನ್ನು ನಾನು ಕಂಡಿದ್ದೇನೆ. ಕಾರಣ ಬುದ್ಧಿವಂತಿಕೆ ಎಂದು ಹೊಗಳಿ ಮುಗಿಸಬಹುದು, ಅದು ಸುಳ್ಳಾಗುತ್ತದೆ. ಅವರಿಗೆ ಗಡುವು ಇರುತ್ತದೆ, ಹಾಕಿದವರು ಬೇರೆ. ಹುಡುಗರಿಗೆ ಗಡುವೇ ಇರುವುದಿಲ್ಲ, ಮೂವತ್ತೆರಡಕ್ಕೂ ಬುತ್ತಿ ಬರುತ್ತಲೇ ಇರುತ್ತದೆ. ಗಡುವು ಎರಡೂ ಕಡೆ ಇರಬೇಕು, ಅದನ್ನು ತಾವೇ ಹಾಕಿಕೊಳ್ಳುವಂತಿರಬೇಕು ಎಂಬುದು ನನ್ನ ಆಸೆ.

ಗಡುವು ಎಂದಾಗ ಸರ್ಕಾರದ ಯುವನಿಧಿ ನೆನಪಾಗುತ್ತದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕ ಯೋಜನೆ: ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ನನ್ನ ತಂದೆ ಪಾಸ್‌ಬುಕ್ ನೋಡಿ ಹೇಳಿದ ಎರಡು ವರ್ಷವೇ ಇದು. ಯಾರಿಗೆ ಅಂಥ ತಂದೆ, ಅಂಥ ಪಾಸ್‌ಬುಕ್ ಇಲ್ಲವೋ ಅವರಿಗೆ ಸರ್ಕಾರ ಕೊಟ್ಟ ಉಸಿರು. ಹೀಗಾಗಿ ಇದನ್ನು ಬಿಟ್ಟಿ ಎಂದು ಹಂಗಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಒಂದು ತಕರಾರು ಇದೆ. ಮುಂದೆ ಓದಲು ಸೇರಿದವರಿಗೆ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ ಈ ಹಣವಿಲ್ಲ. ಕಾಯುವವನಿಗೆ ಕೊಟ್ಟು, ಕಲಿಯಲು ಹೊರಟವನಿಗೆ ನಿಲ್ಲಿಸಿದಂತಾಯಿತು. ದಾರಿ ಬದಲಿಸುವವನಿಗೆ ಖರ್ಚು ಹೆಚ್ಚುವುದು ಕಲಿಯುವಾಗಲೇ ಅಲ್ಲವೇ?

ಖಾಸಗಿ ನೌಕರಿಯ ಬಗ್ಗೆ ಉದ್ದ ಹೇಳುವುದಿಲ್ಲ. ನನಗಿಂತ ನಿಮಗೇ ಹೆಚ್ಚು ಗೊತ್ತು. ಎರಡು ಎಚ್ಚರ ಸಾಕು. ಕೆಲಸ ಕೊಡುವ ಮೊದಲು ಠೇವಣಿ, ಟ್ರೇನಿಂಗ್ ಫೀ ಎಂದು ದುಡ್ಡು ಕೇಳಿದರೆ ಎದ್ದು ಬನ್ನಿ. ಮೂಲ ಅಂಕಪಟ್ಟಿಯನ್ನು ಯಾರಿಗೂ ಒಪ್ಪಿಸಬೇಡಿ. ನನ್ನ ಒಬ್ಬ ವಿದ್ಯಾರ್ಥಿ ಬಾಂಡಿನ ಹೆಸರಿನಲ್ಲಿ ಅಂಕಪಟ್ಟಿ ಕೊಟ್ಟು, ಬಿಡಿಸಿಕೊಳ್ಳಲು ವರ್ಷವಿಡೀ ಬೆಂಗಳೂರಿಗೆ ಓಡಾಡಿದ. ಇನ್ನು, ಎಂಜಿನಿಯರಿಂಗ್ ಓದದವರಿಗೆ ಸಾಫ್ಟ್‌ವೇರ್ ಇಲ್ಲ ಎಂಬುದು ಹಳೆಯ ತಪ್ಪು ತಿಳಿವಳಿಕೆ. 1990ರ ದಶಕದಿಂದಲೇ ವಿಪ್ರೊ, ಬಿಟ್ಸ್ ಪಿಲಾನಿಯ ಜೊತೆ ಸೇರಿ ವಿಜ್ಞಾನ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು ಕೆಲಸದ ಜೊತೆಗೇ ಸ್ನಾತಕೋತ್ತರ ಓದಿಸುತ್ತ ಬಂದಿತು. ನಮ್ಮ ಕಾಲೇಜಿನಲ್ಲಿ ಆ ಸುದ್ದಿ ನೋಟಿಸ್ ಬೋರ್ಡಿಗೆ ಬರಲು ಎಷ್ಟೋ ವರ್ಷ ಬೇಕಾಯಿತು. ಅದರಲ್ಲಿ ನನ್ನ ತಪ್ಪೂ ಇದೆ.

ತಂದೆತಾಯಂದಿರಿಗೊಂದು ಮಾತು. ಮಗ ಕೆಲಸ ಬಿಟ್ಟು ಬಂದರೆ ಓಣಿಯವರು ‘ಬಿಟ್ಟು ಬಂದನಂತ’ ಎನ್ನುತ್ತಾರೆ. ಆ ‘ಅಂತ’ಕ್ಕೆ ಹೆದರಿ ಎಷ್ಟೋ ಹುಡುಗರು ಬೇಡದ ಕೆಲಸದಲ್ಲಿ ಹಲ್ಲು ಕಚ್ಚಿ ಕೂತಿದ್ದಾರೆ. ನನ್ನ ತಂದೆಯನ್ನು ಯಾರಾದರೂ ಕೇಳಿದರೆ, ‘ಎಂ.ಎಸ್ಸಿ. ಓದಾಕ ಹೋಗ್ಯಾನ’ ಎನ್ನುತ್ತಿದ್ದರು. ಬಿಟ್ಟದ್ದನ್ನು ಹೇಳುತ್ತಿರಲಿಲ್ಲ, ಹೋದದ್ದನ್ನು ಹೇಳುತ್ತಿದ್ದರು. ನೀವೂ ಹಾಗೇ ಹೇಳಿ. ಜೊತೆಗೆ ಪಾಸ್‌ಬುಕ್ಕನ್ನೂ ತೆರೆದು ಮಕ್ಕಳ ಮುಂದೆ ಇಡಿ. ಮನೆಯಲ್ಲಿ ಎಷ್ಟಿದೆ, ಎಷ್ಟು ದಿನ ನಡೆಯುತ್ತದೆ ಎಂದು ಗೊತ್ತಿರುವ ಹುಡುಗ, ಗೊತ್ತಿಲ್ಲದವನಿಗಿಂತ ಬೇಗ ತೀರ್ಮಾನಕ್ಕೆ ಬರುತ್ತಾನೆ.

ಕೊನೆಗೆ ಒಂದು ಪುಸ್ತಕ ತೋರಿಸಬೇಕು. ಈ ಇನ್ನೂರು ಪುಟದ ರಟ್ಟಿನ ನೋಟ್‌ಬುಕ್ ನಾನು ಉದ್ಯೋಗ ಕೋಶದಲ್ಲಿದ್ದಾಗ ಶುರುಮಾಡಿದ್ದು. ಊರಿನ ಜಾತ್ರೆಗೆ, ಮದುವೆಗೆ ಬಂದ ಹಳೆಯ ವಿದ್ಯಾರ್ಥಿಗಳನ್ನು ಹಿಡಿದು ಬರೆಸಿದ್ದೇನೆ. ಎಡಗಡೆ ಮೊದಲ ಕೆಲಸ, ಬಲಗಡೆ ಈಗಿನ ಕೆಲಸ. ಎರಡೂ ಒಂದೇ ಇರುವ ಪುಟ ಹುಡುಕಬೇಕಾಗುತ್ತದೆ. ಒಬ್ಬ ಟ್ಯಾಲಿ ಕಲಿತು ಜವಳಿ ಅಂಗಡಿಯ ಲೆಕ್ಕ ಬರೆಯುತ್ತಿದ್ದವನು ಈಗ ಆಸ್ಪತ್ರೆಯಲ್ಲಿ ವಿಮೆಯ ಕಾಗದಪತ್ರ ನೋಡುತ್ತಾನೆ. ಒಬ್ಬಳು ಅತಿಥಿ ಉಪನ್ಯಾಸಕಿಯಾಗಿದ್ದವಳು ಟಿವಿ ಧಾರಾವಾಹಿಗಳಿಗೆ ಹಿಂದಿಯಿಂದ ಕನ್ನಡಕ್ಕೆ ಮಾತು ಕೂರಿಸುತ್ತಾಳೆ. ತುಟಿ ಮುಚ್ಚುವ ಕಡೆ ‘ಪ’, ‘ಬ’, ‘ಮ’ ಬರುವಂತೆ ಪದ ಹುಡುಕುವುದು ತನ್ನ ಕೆಲಸ ಎಂದು ಬರೆದಿದ್ದಾಳೆ. ಆ ಸಾಲು ಓದಿದ ಮೇಲೆ ಕನ್ನಡ ಐಚ್ಛಿಕದ ಮೂವರು ಹುಡುಗಿಯರು ನನ್ನಲ್ಲಿ ಅವಳ ನಂಬರ್ ಕೇಳಿದರು. ‘ಭಾಷಾಂತರಕಾರ್ತಿ’ ಎಂದು ಮಾತ್ರ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಈ ನೋಟ್‌ಬುಕ್ಕಿನಲ್ಲಿ ಇನ್ನೂ ನಲವತ್ತು ಪುಟ ಖಾಲಿ ಇವೆ. ಹೊರಗೆ ಚಹಾದ ಮೇಜಿನ ಪಕ್ಕ ಇಟ್ಟಿರುತ್ತೇನೆ, ಪೆನ್ನೂ ಕಟ್ಟಿದೆ. ಸಭೆಯಲ್ಲಿರುವ ಕೆಲಸಗಾರರೆಲ್ಲ ದಯವಿಟ್ಟು ಒಂದೊಂದು ಸಾಲು ಬರೆಯಿರಿ. ಹುದ್ದೆಯ ಹೆಸರು ಬೇಡ; ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೈಯಲ್ಲಿ ಏನು ಹಿಡಿದಿರುತ್ತೀರಿ, ಯಾರ ಜೊತೆ ಮಾತಾಡುತ್ತೀರಿ, ಡಿಗ್ರಿಯಲ್ಲಿ ಏನು ಓದಿದ್ದಿರಿ, ನಡುವೆ ಏನೇನು ಬಿಟ್ಟಿರಿ ಎಂದು ಬರೆಯಿರಿ. ನಾಳೆಯಿಂದ ಈ ಪುಸ್ತಕ ಕಾಲೇಜಿನ ಗ್ರಂಥಾಲಯದಲ್ಲಿ ಇರುತ್ತದೆ. ಹುಡುಗರು ಫೋನ್ ಮಾಡುತ್ತಾರೆ, ಕೆಲವರು ಹೊತ್ತಲ್ಲದ ಹೊತ್ತಿನಲ್ಲಿ ಮಾಡುತ್ತಾರೆ. ಬೇಸರ ಮಾಡಿಕೊಳ್ಳದೆ ಎತ್ತಿ. ನಂಬರ್ ಬರೆಯಲು ಮರೆಯಬೇಡಿ.